ಮಾವನ ಬೈಕನ್ನು ಅಸಲಿ ಮಾಡಲು ಹೋಗಿ

"ಯಾರ ಗಾಡಿಲೇ ಇದು?"

ಅತ್ತೆ ಹೀಗೆ ಕೇಳಿದಾಗ ನಾನು ನಕ್ಕೆ. ತಮಾಷೆಗೆ ಅಂದಿರಬೇಕು ಅಂದುಕೊಂಡೆ. ಹಿರೇಹಡಗಲಿಯ ಅವರ ಮನೆಯ ಮುಂದೆ, ಬೆಳಗಿನ ಬಿಸಿಲಿನಲ್ಲಿ, ಅವರದೇ ಬೈಕು ನಿಂತಿತ್ತು. ಟ್ಯಾಂಕು ಥಳಥಳ ಹೊಳೆಯುತ್ತಿತ್ತು. ಜೋಡಿ ಸೈಲೆನ್ಸರಿನಲ್ಲಿ ನನ್ನ ಮುಖ ಉದ್ದವಾಗಿ, ಪೆದ್ದುಪೆದ್ದಾಗಿ ಕಾಣುತ್ತಿತ್ತು. (ಸೈಲೆನ್ಸರು ನಿಜವನ್ನೇ ತೋರಿಸುತ್ತಿತ್ತು. ನನಗೆ ಗೊತ್ತಾಗಿದ್ದು ಆಮೇಲೆ.)

"ನಿಮ್ದ ಅತ್ತಿ. ಮಾವಂದು," ಅಂದೆ.

ಅವರು ನಗಲಿಲ್ಲ.

ಅತ್ತೆ ಅಂದರೆ ನನ್ನ ಅಪ್ಪನ ಅಕ್ಕ. ಹಡಗಲಿ ಸುತ್ತಲಿನ ಹಳ್ಳಿಗಳಲ್ಲಿ ನರ್ಸ್ ಆಗಿ ಕೆಲಸ ಮಾಡಿ ನಿವೃತ್ತರಾದವರು. ಆಗ ಎಲ್ಲ ಹೆರಿಗೆಯೂ ಮನೆಯಲ್ಲೇ. ಕರೆ ಬಂದರೆ ಮಾವ ತಮ್ಮ ಹಿಟ್ಟಿನ ಗಿರಣಿ ನಿಲ್ಲಿಸಿ, ಕೈಗೆ ಮೆತ್ತಿದ ಜೋಳದ ಹಿಟ್ಟು ಸಮೇತ ಬೈಕು ತೆಗೆಯುತ್ತಿದ್ದರು. ಅತ್ತೆ ಹಿಂದೆ. ತೊಡೆಯ ಮೇಲೆ ಹೆರಿಗೆ ಸಾಮಾನಿನ ಪೆಟ್ಟಿಗೆ.

ಮಾವ ಹೋದ ಮೇಲೆ ಗಾಡಿ ಹಿತ್ತಲಲ್ಲಿ ತಾಡಪಾಲಿನ ಕೆಳಗೆ ಮಲಗಿತ್ತು. ಈಚೆಗೆ ಹಳೇ ಬೈಕಿನ ಹುಚ್ಚು ಜೋರಾಗಿದೆಯಲ್ಲ, ಯಾರು ಯಾರೋ ಬಂದು ಕೇಳಿದರು. ಅತ್ತೆ ಯಾರಿಗೂ ಕೊಡಲಿಲ್ಲ. ನನ್ನನ್ನು ಕರೆದು ಕೀಲಿ ಕೊಟ್ಟರು.

"ಚಾಲೂ ಮಾಡು. ಇಟ್ಟಿಗಿ ಊರಾಗ ನಮ್ಮ ರೇಣುಕಾನ ಕುಬಸ ಐತಿ, ಬಸುರಿ ಅದಾಳ. ಅಕಿನ್ನ ಹುಟ್ಟಿಸಿದಾಕಿ ನಾನು. ಅಕಿ ಅವ್ವ ಏನಂದ್ಲು ಗೊತ್ತೇನು? 'ನರ್ಸಮ್ಮಾರ, ನೀವು ಬರೋದಾದ್ರ ಅದ ಗಾಡಿ ಮ್ಯಾಲ ಬರ್ರಿ, ನನ್ನ ಮಗಳಿಗೆ ತೋರಸ್ತೀನಿ' ಅಂದ್ಲು. ಅದ ಗಾಡಿ ಮ್ಯಾಲ ಒಮ್ಮೆ ಕರ್ಕೊಂಡು ಹೋಗು. ಸಾಕು."

ಕೇಳಿದ್ದು ಇಷ್ಟೇ. ಎಪ್ಪತ್ತು ದಾಟಿದ ಹೆಂಗಸು, ಒಂದು ಸಲ ಆ ಬೈಕಿನ ಹಿಂದೆ ಕೂತು ಇಟ್ಟಿಗಿಗೆ ಹೋಗಬೇಕು. ಇದನ್ನು ನಾನು ಹೇಗೆ ಹಾಳು ಮಾಡಿದೆ?

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ನೆನಪಿನ ಮೇಲೆ ಮೊದಲಿನಿಂದಲೂ ನನಗೆ ಅನುಮಾನ. ಜನ ನಡೆದದ್ದನ್ನು ನೆನಪಿಡುವುದಿಲ್ಲ, ಹಿಂದಿನ ಸಲ ತಾವು ಹೇಗೆ ಹೇಳಿದ್ದರೋ ಅದನ್ನು ನೆನಪಿಡುತ್ತಾರೆ ಎಂದು ಹುಡುಗರಿಗೆ ಹೇಳುತ್ತಿರುತ್ತೇನೆ. ನಾನೂ ಅದಕ್ಕೇ ದಿನಾ ಡೈರಿ ಬರೆಯುವುದು. ಮರುದಿನದ ನನ್ನನ್ನು ನಂಬಲಾರದೆ.

ಹಗರಿಬೊಮ್ಮನಹಳ್ಳಿಯ ಮೆಕ್ಯಾನಿಕ್ ಮಾಬು ಬಳಿ ಗಾಡಿ ಇಳಿಸಿದೆ. ಮಾಬು ಉತ್ಸಾಹದ ಮನುಷ್ಯ. ಸ್ವಲ್ಪ ಹೆಚ್ಚೇ ಉತ್ಸಾಹದ ಮನುಷ್ಯ.

"ಸಾರ್, ಅಲಾಯ್ ವೀಲ್ ಹಾಕ್ತೀನಿ, ಮುಂದ ಎಲ್‌ಇಡಿ. ಹಾರ್ನು ಅಂತೂ, ಕೊಟ್ಟೂರಾಗ ಹೊಡದ್ರ ಕೂಡ್ಲಿಗ್ಯಾಗ ಎಮ್ಮಿ ಎದ್ದು ನಿಲ್ಲಬೇಕು, ಅಂಥಾದ್ದು ಐತಿ ನನ್ ಹತ್ರ!"

ನಾನು ಕಠಿಣನಾದೆ. ಏನೂ ಸೇರಿಸುವಂತಿಲ್ಲ. ಕಂಪನಿಯಿಂದ ಹೇಗೆ ಹೊರಬಂತೋ ಹಾಗೇ ಆಗಬೇಕು. ನಟ್ಟು ಬೋಲ್ಟು ಸಹಿತ. ನೆಟ್‌ನಿಂದ ಆ ಮಾಡೆಲಿನ ಹಳೇ ಜಾಹೀರಾತು, ಪುಸ್ತಿಕೆಯ ಚಿತ್ರ ಎಲ್ಲ ತೆಗೆದು ಅವನ ಗೋಡೆಗೆ ಅಂಟಿಸಿದೆ. (ಕಂಪನಿ ಹೆಸರು ಬೇಡ. ಕಿಕ್ಕು ಹೊಡೆಯುವ ಲಿವರೇ ಗೇರೂ ಆಗುವ ಗಾಡಿ ಅಂದರೆ ನಿಮಗೆ ಗೊತ್ತಾಗಿಯೇ ಹೋಯಿತು.)

ಟ್ಯಾಂಕು ಉಜ್ಜಿದಾಗ ಮೇಲೆ ಹಸಿರು ಬಣ್ಣ. ಅದರ ಕೆಳಗೆ ನೀಲಿ. ಅದರ ಕೆಳಗೆ ಕಡುಗೆಂಪು. ನನ್ನ ಬಾಲ್ಯದ ನೆನಪಿನಲ್ಲಿದ್ದದ್ದು ನೀಲಿ. ಆದರೆ ನೆನಪನ್ನು ಯಾರು ನಂಬುತ್ತಾರೆ? ಎಲ್ಲಕ್ಕಿಂತ ಕೆಳಗಿನದೇ ಅಸಲಿ ಎಂದೆ. ಪುಸ್ತಿಕೆಯಲ್ಲೂ ಕಡುಗೆಂಪೇ ಇತ್ತು. ನನಗೆ ಎಷ್ಟು ಖುಷಿ ಆಯಿತೆಂದರೆ, ಮಾಬುವಿಗೆ ಟೀ ಕುಡಿಸಿದೆ.

ಆಮೇಲೆ ಅವನು ಹಿಂದಿನ ಸೀಟು ತೋರಿಸಿದ. ಪಕ್ಕಕ್ಕೆ ಕುರ್ಚಿಯ ಕೈಯಂತೆ ಬಾಗಿದ ಒಂದು ದಪ್ಪ ಕಂಬಿ. ಕೆಳಗೆ ಅಗಲವಾದ ಕಬ್ಬಿಣದ ಹಲಗೆ. ಯಾರೋ ಲೋಕಲ್ ವೆಲ್ಡಿಂಗ್‌ನವರು ಬೆಸೆದದ್ದು. ಒಡ್ಡೊಡ್ಡಾಗಿತ್ತು.

"ಇದನ್ನ ಇಡ್ಲೇನ್ರಿ, ತಗೀಲೇನ್ರಿ?"

"ತೆಗೀರಿ. ನಮ್ಮ ಮಾವ ಹಿಟ್ಟಿನ ಚೀಲ ಇಡೋಕೆ ಮಾಡಿಸಿದ್ದು ಅದು."

ಎಷ್ಟು ಖಚಿತವಾಗಿ ಹೇಳಿದೆ ನೋಡಿ! ಚಿಕ್ಕವನಿದ್ದಾಗ ಆ ಕಂಬಿಗೆ ಒರಗಿಸಿದ ಚೀಲವನ್ನು ಯಾವಾಗಲೋ ನೋಡಿದ ನೆನಪು. ಗಿರಣಿಯವರ ಗಾಡಿ, ಚೀಲದ ಕಂಬಿ. ಮತ್ತೇನು? ಅತ್ತೆಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು. ಮಾಡಲಿಲ್ಲ. ವಯಸ್ಸಾದವರ ನೆನಪು, ಏನೋ ಒಂದು ಹೇಳುತ್ತಾರೆ, ಅಂದುಕೊಂಡೆ. ಯಾರ ನೆನಪನ್ನೂ ನಂಬದ ನಾನು ಈ ಒಂದು ನೆನಪನ್ನು ಮಾತ್ರ ಯಾಕೆ ನಂಬಿದೆ? ನನ್ನದು ಅಂತಲೇ?

ಇನ್ನೊಂದು ಮಾತು ಬರೆಯಲೇಬೇಕು. ನಮ್ಮ ಕಡೆ ಮನೆಮನೆಯ ಗೋಡೆ ಮೇಲೆ ಹಿರಿಯರ ಫೋಟೋ ಇರುತ್ತವೆ. ಜನ್ಮದಲ್ಲಿ ಅಂಗಿ ಗುಂಡಿ ಹಾಕದ ತಾತನಿಗೆ ಸ್ಟುಡಿಯೋದವರು ಕೋಟು ತೊಡಿಸಿ, ಟೈ ಕಟ್ಟಿ, ಹಿಂದೆ ಜಲಪಾತ ಹರಿಸಿರುತ್ತಾರೆ. ಅಂಥ ಫೋಟೋ ಕಂಡಾಗಲೆಲ್ಲ ನಾನು ಒಳಗೊಳಗೇ ನಗುತ್ತಿದ್ದೆ. ಇನ್ನು ಮುಂದೆ ನಗುವ ಹಕ್ಕು ನನಗಿಲ್ಲ.

ಸರಿ, ಕುಬಸದ ದಿನ ಬಂತು. ಅತ್ತೆ ಇಳಕಲ್ ಸೀರೆ ಉಟ್ಟು, ರೇಣುಕಾಗೆ ಖಣ, ಕಾಯಿ ಇಟ್ಟ ಚೀಲ ಹಿಡಿದು ಹೊರಗೆ ಬಂದರು. ಗಾಡಿ ನೋಡಿದರು. ಯಾರ ಗಾಡಿ ಎಂದು ಕೇಳಿದರು.

"ಕಂಪನಿ ಬಣ್ಣ ಅತ್ತಿ. ಅಸಲಿ. ಮಾವ ತಗೊಂಡಾಗ ಹಿಂಗ ಇತ್ತು," ಅಂದೆ.

"ಯಾರು ಹೇಳಿದ್ರಲೇ ನಿನಗ? ನಾವು ತಗೊಂಡಾಗ ನೀಲಿ ಇತ್ತು. ಹರಪನಹಳ್ಳಿ ಕಂಟ್ರಾಕ್ಟರ್ ಒಬ್ಬಾಂವ ಓಡಿಸಿ ಬಿಟ್ಟ ಗಾಡಿ. ಕೆಂಪು ನಾನಂತೂ ನೋಡಿಲ್ಲಪ. ಅವನ ಹೇಣ್ತಿ ನೋಡಿರಬೇಕು, ಹೋಗಿ ಕೇಳು."

ಸೆಕೆಂಡ್ ಹ್ಯಾಂಡ್! ಅಷ್ಟೂ ದಿನ, ಅಷ್ಟೂ ನಿಷ್ಠೆಯಿಂದ, ನಾನು ಯಾರದೋ ಬೈಕನ್ನು ರಿಸ್ಟೋರ್ ಮಾಡಿದ್ದೆ.

"ಇರಲಿ ಬಿಡು," ಎಂದರು ಅತ್ತೆ. ಬಣ್ಣಕ್ಕೆ ಅವರು ಅಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಹತ್ತಲು ಬಂದರು. ಚೀಲ ಎಡಗೈಗೆ ಬದಲಿಸಿ, ಬಲಗೈ ಚಾಚಿದರು. ಕೈ ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗಿ, ಸಿಗದೆ, ಅಲ್ಲೇ ನಿಂತಿತು. ಕಾಲೂ ಹಾಗೆಯೇ. ಸ್ವಲ್ಪ ಮೇಲೆತ್ತಿ, ಇಡಲು ಜಾಗ ಕಾಣದೆ ಮತ್ತೆ ನೆಲಕ್ಕೆ.

"ನನ್ನ ಕಂಬಿ ಎಲ್ಲಿ?"

ನನ್ನ ಕಂಬಿ. ಹಾಗಂದರು.

ಆಗ ಕಥೆ ಹೊರಬಂತು. ತೊಡೆಯ ಮೇಲಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತರೆ ಹಿಡಿದುಕೊಳ್ಳಲು ಕೈ ಎಲ್ಲಿ? ಒಮ್ಮೆ ಹಳ್ಳದ ಇಳಿಜಾರಿನಲ್ಲಿ ಅತ್ತೆ ಜಾರಿ ಬಿದ್ದರು. ಪೆಟ್ಟಿಗೆ ಬಿಡಲಿಲ್ಲ, ಮೊಣಕಾಲು ಒಡೆಯಿತು. ಮಾವ ಅವರನ್ನು ಹಡಗಲಿಯ ವೆಲ್ಡಿಂಗ್ ಅಂಗಡಿಗೆ ಕರೆದುಕೊಂಡು ಹೋಗಿ, ನಾಲ್ಕು ಜನರ ಎದುರು ಸೀಟಿನ ಮೇಲೆ ಕೂಡಿಸಿ, ಸೊಂಟದ ಸುತ್ತ ಕಂಬಿ ಬಾಗಿಸಿ, ಕಾಲು ಎಲ್ಲಿಗೆ ಬರುತ್ತದೋ ಅಲ್ಲಿಗೆ ಹಲಗೆಗೆ ಬೆಸುಗೆ ಹಾಕಿಸಿದ್ದರು.

"ನಾಚಿಕಿ ಬಂದು ಸಾಯೋದೊಂದ ಬಾಕಿ. 'ಏನ್ರೀ, ಸಂತ್ಯಾಗ ಎತ್ತಿನ ಅಳತಿ ತಗೊಂಡಂಗ' ಅಂದೆ. ನಿಮ್ಮ ಮಾವ, 'ಸುಮ್ನ ಕುಂದ್ರ, ಹೊಳ್ಳಿ ಬಿದ್ರ ಬಾಣಂತಿ ಮಂದಿಗೆ ಯಾರು ಗತಿ' ಅಂದ್ರು. ಆವಾಗಿಂದ ಊರಾಗ ಎಲ್ರೂ ಈ ಗಾಡಿಗೆ ನರ್ಸಮ್ಮನ ಪಲ್ಲಕ್ಕಿ ಅಂತಿದ್ರು."

ನಾನು ಮಾಬುವಿಗೆ ಫೋನ್ ಮಾಡಿದೆ. "ಅದಾ? ಗುಜರಿಯಾಂವ ಅವತ್ತ ಹೊತ್ಕೊಂಡು ಹೋದಾ ಸಾರ್. ಇಷ್ಟೊತ್ತಿಗೆ ಕರಗಿ ಏನೇನಾಗೈತೋ!" ಎಂದ.

ಹೊಸದು ಮಾಡಿಸೋಣ ಅತ್ತಿ, ಅಂದೆ. ಸ್ಟೂಲು ತಂದೆ. ಹತ್ತಿಸಿದೆ. "ನನ್ನ ಭುಜ ಹಿಡ್ಕೋರಿ" ಅಂದೆ. ಗಾಡಿ ಓಣಿ ತಿರುವು ದಾಟುವಷ್ಟರಲ್ಲಿ ಅವರ ಬೆರಳು ನನ್ನ ಭುಜದೊಳಗೆ ಇಳಿದವು.

"ನಿಲ್ಸಲೇ! ನಿಲ್ಸು, ಬೀಳ್ತೀನಿ!"

ಇಳಿಸಿದೆ. ಎಂಥ ಎಂಥ ಹೊಲದ ದಾರಿಯಲ್ಲಿ ಓಡಾಡಿದ ಹೆಂಗಸು, ಸಿಮೆಂಟ್ ರಸ್ತೆಯ ಮೇಲೆ ಹೆದರಿಬಿಟ್ಟಿದ್ದರು.

"ಬೈಯಬಾರದಾ ಅತ್ತಿ," ಅಂದೆ. ಬೈದರೆ ಹಗುರವಾಗುತ್ತಿತ್ತು.

"ಬೈದು ಏನ್ ಮಾಡ್ಲಿ? ಚಲೋ ಮಾಡೀದಿ. ಬ್ಯಾರೆಯಾರ ಗಾಡಿ ಇಷ್ಟು ಚಲೋ ಯಾರು ಮಾಡ್ತಾರ?"

ಅವರು ಟಂಟಂ ಆಟೋ ಹತ್ತಿದರು. ನಾನು ಹಿಂದೆ, ಖಾಲಿ ಸೀಟಿನ ಬೈಕಿನಲ್ಲಿ. ದಾರಿಯುದ್ದಕ್ಕೂ ಜನ ತಿರುಗಿ ನೋಡಿದರು. ಇಂಜಿನ್ ಅದ್ಭುತವಾಗಿ ಓಡುತ್ತಿತ್ತು. ಎಲ್ಲಾದರೂ ಕೆಟ್ಟು ನಿಂತರೆ ಸಾಕು ಅನ್ನಿಸುತ್ತಿತ್ತು ನನಗೆ. ನಿಲ್ಲಲಿಲ್ಲ.

ಇಟ್ಟಿಗಿಯಲ್ಲಿ ಚಪ್ಪರದ ಮುಂದೆ ಗಾಡಿ ನಿಲ್ಲಿಸಿದ್ದೇ ತಡ, ಗಂಡಸರೆಲ್ಲ ಮುತ್ತಿಕೊಂಡರು. ಸೆಲ್ಫಿ ಆಯಿತು. "ಶೋರೂಮಿಂದ ಈಗ ಇಳಿಸಿದಂಗ ಐತಲ್ರೀ ಸಾರ್!" ಎಂದ ಒಬ್ಬ. ನಾನು ಬಯಸಿದ್ದ ಹೊಗಳಿಕೆ ಅಕ್ಷರಶಃ ಇದೇ.

ಅಷ್ಟರಲ್ಲಿ ರೇಣುಕಾಳ ತಾಯಿ ತುಂಬು ಬಸುರಿ ಮಗಳ ಕೈ ಹಿಡಿದು ಹೊರಗೆ ಬಂದರು. ಅತ್ತೆಯನ್ನು ತಬ್ಬಿಕೊಂಡರು. ಆಮೇಲೆ ಅವರ ಕಣ್ಣು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹರಿದಾಡಿತು. ನನ್ನ ಮೇಲೂ ಹಾದುಹೋಯಿತು. ಬೈಕಿನ ಮೇಲೂ. ನಿಲ್ಲಲಿಲ್ಲ.

"ಪಲ್ಲಕ್ಕಿ ಎಲ್ರೀ ನರ್ಸಮ್ಮಾರ? ಇಕಿ ಅದನ್ನ ನೋಡಬೇಕಂತ ಮುಂಜಾನಿಂದ ಬಾಗಲಾ ಕಾಯಾಕತ್ತಾಳ."

ನಾನು ಬಾಯಿ ತೆರೆದೆ. ಅದರ ಹ್ಯಾಂಡಲ್ ಹಿಡಿದೇ ನಿಂತಿದ್ದೆ. ಅತ್ತೆ ನನ್ನ ಕಡೆ ನೋಡದೆ, ಹುಡುಗಿಯ ಕೈಗೆ ಖಣ ಇಟ್ಟರು.

"ರಿಪೇರಿಗೆ ಬಿಟ್ಟೀವವ್ವ. ನಿನ್ನ ಕೂಸಿನ ತೊಟ್ಲಕ್ಕ ಬರೋವಾಗ ಅದರ ಮ್ಯಾಲ ಬರ್ತೀನಿ."

ತೊಟ್ಟಿಲಿಗೆ ಇನ್ನು ಹೆಚ್ಚು ದಿನವಿಲ್ಲ. ನನ್ನ ಮಾನ ಉಳಿಸಲು ಅತ್ತೆ ಆಡಿದ ಆ ಸುಳ್ಳನ್ನು ಯಾವ ವೆಲ್ಡಿಂಗ್ ಅಂಗಡಿಗೆ ಒಯ್ದು ನಿಜ ಮಾಡಿಸಲಿ, ನೀವೇ ಹೇಳಿ?