ಐದು ಕಾಳು, ಒಂದು ಡಬ್ಬಿ

ಶಾಂತಪ್ಪನವರು ರೈಲ್ವೆಯಲ್ಲಿ ದುಡಿದವರು. ತಾರ್ನಾಕದ ಕನ್ನಡ ಸಂಘದ ಕಮಿಟಿಯಲ್ಲಿ ಬಹಳ ವರ್ಷ ಇದ್ದರು. ಭವನದ ಕೀಲಿ ಅವರ ಉಡದಾರದಲ್ಲೇ. ಮಲಗುವಾಗಲೂ ಬಿಚ್ಚುತ್ತಿರಲಿಲ್ಲ. ಹೋದ ಶ್ರಾವಣದಲ್ಲಿ ತೀರಿಕೊಂಡಾಗ ಉಡದಾರ ಬರಿದಾಗಿತ್ತು. ಏಕೆಂದು ಹೆಂಡತಿ ಶಿವದೇವಿಗೆ ಗೊತ್ತು.

ಕಮಿಟಿಗೆ ಐದು ಜನ, ಐವರಿಗೂ ಒಂದೊಂದು ಕೀಲಿ. ಓದು ಬಾರದವರಿಗೂ ಆಗಲೆಂದು ಅಲಸಂದಿ ಕಾಳಿನ ಮತ. ಪರದೆಯ ಹಿಂದೆ ನಿಂತವರ ಫೋಟೊ ಅಂಟಿಸಿದ, ಆಳಿಗೊಂದು ಡಬ್ಬಿ. ಕೈಗೆ ಐದು ಕಾಳು. ಒಂದು ಡಬ್ಬಿಗೆ ಒಂದೇ ಕಾಳು ಹಾಕಬೇಕು. ಎಣಿಸಿದ ಮೇಲೆ ಅದೇ ಕಾಳಿನ ಉಸುಳಿ, ಊಟ.

ಸಂಘದಲ್ಲಿ ಸಿಕಂದರಾಬಾದಿನ ಬಟ್ಟೆ ವ್ಯಾಪಾರಿಗಳ ಮಂದಿ ಹೆಚ್ಚು. ಅವರಲ್ಲಿ ನಾಲ್ವರು, ಜೊತೆಗೆ ಎಲ್ಲರಿಗೂ ಬೇಕಾದ ಶಾಂತಪ್ಪ, ಇವರೇ ಪ್ರತಿಸಲ ಗೆಲ್ಲುವುದು. ಹೊಲಿಗೆಯ ಗೋದಾವರಿ ಪ್ರತಿಸಲ ಸೋಲುವುದು. ಮಧ್ಯಾಹ್ನ ಹೆಂಗಸರು ಕೂಡಲು ಭವನ ಬೇಕು ಎಂದಷ್ಟೇ ಅವಳ ಮಾತು. ಆದರೆ ಕಮಿಟಿಯವರೊಬ್ಬರು ಒಳಗಿರದೆ ಬಾಗಿಲು ತೆರೆಯುವಂತಿಲ್ಲ. ಒಂದು ಮಧ್ಯಾಹ್ನ ಶಾಂತಪ್ಪ ತಾವೇ ಬಾಗಿಲು ತೆರೆದು, ಪೇಪರು ಹಿಡಿದು ಮೂಲೆಯಲ್ಲಿ ಕೂತು ನೋಡಿದರು. ಗಂಡಸು ಕೂತಿದ್ದಾರೆಂದು ಹೆಂಗಸರು ತಲೆ ಮೇಲೆ ಸೆರಗು ಹೊದ್ದು ಒಬ್ಬೊಬ್ಬರಾಗಿ ಎದ್ದು ಹೋದರು.

ಮುಂದಿನ ಸಭೆಯಲ್ಲಿ ಶಾಂತಪ್ಪ ಎದ್ದು ನಿಂತರು. "ಬೇಕಾದವರು ಐದೂ ಕಾಳು ಒಂದs ಡಬ್ಬಿಗೆ ಹಾಕ್ಲಿ."

ಅಧ್ಯಕ್ಷ, ಬಟ್ಟೆ ವ್ಯಾಪಾರಿ ಸಿದ್ದರಾಮಪ್ಪ ನಕ್ಕರು. "ಹಾಕ್ಲಿ ಬಿಡ್ರಿ. ಕಾಳು ಐದs ಅಲ್ಲೇನು?"

ಚುನಾವಣೆಯ ದಿನ ಗೋದಾವರಿಯ ಡಬ್ಬಿ ತುಂಬಿತು. ಗೆದ್ದಳು. ವ್ಯಾಪಾರಿಗಳು ನಾಲ್ವರೂ ಗೆದ್ದರು. ಶಾಂತಪ್ಪನವರ ಡಬ್ಬಿ ಅಲ್ಲಾಡಿಸಿದರೆ ತಳದ ಕೆಲವೇ ಕಾಳು ಗಿಲಿಗಿಲಿ ಅಂದವು; ಅವರು ಸೋತಿದ್ದರು. ಅವರು ಹೇಗೂ ಬರುತ್ತಾರೆಂದು ಎಲ್ಲರೂ ತಮಗೆ ಬೇಕಾದವರಿಗೇ ಸುರಿದಿದ್ದರು.

"ಇದು ತಪ್ಪಾತು. ಹಳೇ ಪದ್ಧತಿಯೊಳಗ ಇನ್ನೊಮ್ಮೆ ಹಾಕಿಸೂಣು," ಎಂದರು ಸಿದ್ದರಾಮಪ್ಪ. ಗೋದಾವರಿಯ ಮುಖ ಇಳಿಯಿತು. ಹಳೆಯ ಪದ್ಧತಿಯಲ್ಲಿ ಅವಳು ಬರುವುದಿಲ್ಲ.

ಶಾಂತಪ್ಪ ಡಬ್ಬಿಗಳನ್ನೆಲ್ಲ ಎತ್ತಿ, ಕುದಿಯುವ ನೀರಿನ ಪಾತೇಲಿಗೆ ಸುರಿದರು.

"ಸಾಹುಕಾರ್ರ, ಮತ ಬೇಯಾಕತ್ತೈತಿ. ಉಪ್ಪು ಹಾಕ್ರಿ."

ಕೀಲಿ ಬಿಚ್ಚಿ ಗೋದಾವರಿಯ ಕೈಗಿಟ್ಟರು. "ತೊಗೋ ತಂಗಿ. ಬೀಗ ಸ್ವಲ್ಪ ಬಿಗಿ ಐತಿ, ಎತ್ತಿ ತಿರುವು."

ಮನೆಗೆ ಬಂದು ಹೆಂಡತಿಯನ್ನು ಕೇಳಿದರು. "ನೀ ನನಗೆಷ್ಟು ಹಾಕಿದಿ?"

"ಒಂದೂ ಇಲ್ರಿ. ಐದೂ ಗೋದಾವರಿಗೆ. ನೀವು ಹೆಂಗೂ ಬರ್ತೀರಿ ಅಂದ್ಕೊಂಡೆ."

"ಚಲೋ ಆತು. ನಾನೂ ಅಷ್ಟs ಮಾಡೇನಿ."

ನಕ್ಕು ನಕ್ಕು ಕೆಮ್ಮಿದರು. ಅಂಥ ಗಂಡಸು.

ಈಗ ಮಧ್ಯಾಹ್ನವಾದರೆ ಮನೆ ತಿನ್ನಲು ಬರುತ್ತದೆ. ಶಿವದೇವಿ ಚಪ್ಪಲಿ ಮೆಟ್ಟಿ ಭವನಕ್ಕೆ ಹೋಗುತ್ತಾಳೆ. ಬಾಗಿಲು ತೆರೆದಿರುತ್ತದೆ.