ಪೆನ್ಸಿಲಿನಲ್ಲಿ ಬರೆದ ಉತ್ತರ

ಐದು ವಾರವಾದರೂ ಮಗಳ ಕೆಮ್ಮು ನಿಂತಿರಲಿಲ್ಲ, ನನ್ನ ತಲೆಯೊಳಗೆ ಹೊಕ್ಕ ಹುಳವೂ ಹೊರಟಿರಲಿಲ್ಲ. ಮೂರು ವರ್ಷದ ಕೂಸಿನ ತೂಕ ಹನ್ನೊಂದು ಕೆ.ಜಿ.ಗೇ ಅಂಟಿಕೊಂಡು ಕೂತಿತ್ತು. ಮಕ್ಕಳ ಡಾಕ್ಟರು "ಟೀಬಿ ಇರಬಹುದು, ಪರೀಕ್ಷೆ ಮಾಡಿಸಿ" ಎಂದು ಚೀಟಿ ಬರೆದರು. ಹಾಗೆ ಪರಿಚಯವಾದವರು ಡಬ್ಬಿ ಮೇಡಂ.

ಆಸ್ಪತ್ರೆಯ ಲ್ಯಾಬಿನ ಕಿಟಕಿಯ ಹಿಂದೆ ಕೂತು ಖಾಲಿ ಡಬ್ಬಿ ಕೊಟ್ಟು ತುಂಬಿದ ಡಬ್ಬಿ ತೆಗೆದುಕೊಳ್ಳುವುದು ಅವರ ಹತ್ತೊಂಬತ್ತು ವರ್ಷದ ಬದುಕು. ನಿವೃತ್ತಿಗೆ ಇನ್ನೆರಡು ವರ್ಷ. ನಗುವುದನ್ನು ಆಮೇಲಕ್ಕೆ ಇಟ್ಟುಕೊಂಡಿದ್ದಾರೆ. ಬೆಳಗಿನಿಂದ ಮಗುವಿಗೆ 'ಥೂ ಮಾಡು ಪುಟ್ಟಾ' ಎಂದು ಗೋಗರೆದು ನಾನು ಶೇಖರಿಸಿದ್ದ ನಿಧಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಏನಮ್ಮ ಇದು?"

"ಕಫ, ಮೇಡಂ."

"ಎಂಜಲು. ಲಕೋಟೆ ಅಂಟಿಸೋಕೆ ಆಗುತ್ತೆ. ಪುಟ್ಟ ಮಕ್ಕಳು ಕಫ ಉಗಿಯಲ್ಲ ಕಣಮ್ಮ, ನುಂಗ್ತಾರೆ. ನುಂಗಿದ್ದು ಎಲ್ಲಿ ಬರುತ್ತೋ ಅಲ್ಲಿಂದ ತಗೊಂಡು ಬಾ. ಮೆಷಿನ್ ಎರಡು ಗಂಟೇಲಿ ಹೇಳುತ್ತೆ."

ಎರಡು ಡಿಗ್ರಿ ಪಡೆದ ನಾನು ಮರುದಿನ ಮಗಳ ಕಕ್ಕದ ಡಬ್ಬಿಯನ್ನು ಮೂರು ಚೀಲಗಳಲ್ಲಿ ಸುತ್ತಿ, ಒಡವೆಯಂತೆ ಎದೆಗವಚಿಕೊಂಡು ಬಸ್ಸು ಹತ್ತಿದೆ.

ಮೇಡಂ ನನ್ನನ್ನು ಕೇಳಿ ಕೇಳಿ ಫಾರಂ ತುಂಬಿದರು. "ಮಗು ಹತ್ರ ಕೆಮ್ಮೋ ದೊಡ್ಡೋರು ಯಾರಾದ್ರೂ ಇದಾರಾ?"

"ಯಾರೂ ಇಲ್ಲ."

ಉಳಿದದ್ದನ್ನೆಲ್ಲ ಪೆನ್ನಿನಲ್ಲಿ ಬರೆದವರು ಇದೊಂದನ್ನು ಪೆನ್ಸಿಲಿನಲ್ಲಿ ಬರೆದರು.

"ಅದ್ಯಾಕೆ ಪೆನ್ಸಿಲ್ಲು?"

"ಈ ಊರಲ್ಲಿ ದೊಡ್ಡೋರು ಯಾರೂ ಕೆಮ್ಮಲ್ವಲ್ಲ! ಮಕ್ಕಳಿಗೆ ಟೀಬಿ ಆಕಾಶದಿಂದ ಉದುರುತ್ತೆ. ಆಮೇಲೆ ಎಲ್ಲರೂ ಬಂದು 'ಅದನ್ನ ಅಳಿಸಿ ಮೇಡಂ' ಅಂತಾರೆ. ಪೆನ್ನಾದ್ರೆ ಕಾಗದ ಹರಿಯುತ್ತೆ."

ಸರಿಯಾಗಿ ಎರಡು ಗಂಟೆ ಕಳೆದ ಮೇಲೆ ಕರೆದರು. "ಟೀಬಿ ಇದೆ. ಅಳಬೇಡ, ಮಾತ್ರೆ ತಪ್ಪಿಸದೆ ಕೊಟ್ರೆ ವಾಸಿಯಾಗುತ್ತೆ. ಆದ್ರೆ ಇದನ್ನ ಕೊಟ್ಟೋರು ಎಲ್ಲೋ ಕೂತು ಇನ್ನೂ ಕೆಮ್ತಾ ಇರ್ತಾರೆ." ಎಂದವರೇ ಕಿಟಕಿಯ ಕಟ್ಟೆಯ ಮೇಲೆ ಒಂದು ರಬ್ಬರು ಇಟ್ಟರು.

ಹೊರಗಿನ ಬೆಂಚಿನ ಮೇಲೆ ಕೂತು ಮನಸ್ಸಿನಲ್ಲೇ ಅತ್ತೆಯನ್ನು ಹಿಡಿದೆ, ನಾದಿನಿಯನ್ನು ಹಿಡಿದೆ, ಬಸ್ಸಿನ ಕಂಡಕ್ಟರನ್ನೂ ಬಿಡಲಿಲ್ಲ. ಪಾಪ, ಯಾರಿಗೂ ಕೆಮ್ಮೇ ಇಲ್ಲ. ಕೆಮ್ಮುವುದು ನನ್ನ ಅಮ್ಮ. ನಾನು ಆಫೀಸಿಗೆ ಹೋದಾಗ ದಿನವಿಡೀ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂರುವ ಅಮ್ಮ. ನಾಲ್ಕು ತಿಂಗಳಿಂದ ಅವಳದು 'ಬರೀ ಗಂಟಲು ಕೆರೆತ'. ತವರಿನ ಕೆಮ್ಮು ಕೆಮ್ಮಿನ ಲೆಕ್ಕಕ್ಕೆ ಬರುತ್ತದೆಯೇ? ಕಾಯಿಲೆಗಳೆಲ್ಲ ಅತ್ತೆಮನೆಯ ಆಸ್ತಿ.

"ಮೊಮ್ಮಗಳಿಗೆ ನಾನೇ ರೋಗ ಹಚ್ಚಿದೆ ಅಂತೀಯಾ?" ಎಂದು ಕೇಳಿಬಿಟ್ಟರೆ? ನಾಲ್ಕು ಸಲ ನಂಬರು ಒತ್ತಿ, ನಾಲ್ಕು ಸಲವೂ ಕಟ್ ಮಾಡಿದೆ. ಕಿಟಕಿಯಲ್ಲಿ ರಬ್ಬರು ಹಾಗೇ ಇತ್ತು. ಐದನೇ ಸಲ ರಿಂಗಾಗಲು ಬಿಟ್ಟೆ.

ಮೊದಲು ಕೆಮ್ಮು ಕೇಳಿಸಿತು, ಆಮೇಲೆ "ಹೇಳೇ."

"ಅಮ್ಮಾ, ನೀನು ಈಗಲೇ ಆಸ್ಪತ್ರೆಗೆ ಬರ್ಬೇಕು. ಜಗಳ ಇಲ್ಲಿಗೆ ಬಂದ್ಮೇಲೆ ಆಡು."