ಅಕ್ಕ ದಾರಿ ಬಿಟ್ಟುಕೊಟ್ಟ ಬೆಳಗು

ಕಾಲುವೆಗೆ ನೀರು ಬಂದ ಮೇಲೆ ನಮ್ಮ ಕಡೆ ಜ್ವರವೂ ಬಂತು. ಜೋಳ, ತೊಗರಿ ಬೆಳೆಯುತ್ತಿದ್ದ ಹೊಲಗಳಲ್ಲಿ ಭತ್ತ ಎದ್ದಿತು, ಭತ್ತದ ಬುಡದಲ್ಲಿ ನಿಂತ ನೀರಿನಲ್ಲಿ ಸೊಳ್ಳೆ. ನನ್ನ ಅಕ್ಕ ಸರಕಾರಿ ದವಾಖಾನೆಯ ನರ್ಸ್. ಶಹಾಪುರದಿಂದ ಕಾಲುವೆ ದಂಡೆ ಹಿಡಿದು ನಡೆದು, ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ತೆಗೆದುಕೊಂಡು, ಮಾತ್ರೆ ಕೊಟ್ಟು ಬರುವುದು ಅವಳ ಕೆಲಸ. ಗಂಡ ತೀರಿಹೋದ ಮೇಲೆ ನನ್ನ ಜೊತೆಗೇ ಇದ್ದಳು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ, ಮದುವೆಯಾಗಿರಲಿಲ್ಲ. ಮನೆಯಲ್ಲಿ ಅಕ್ಕತಂಗಿ ನಾವಿಬ್ಬರೇ.

ಬೆಟ್ಟ ಹತ್ತುವ ಹುಚ್ಚು ಅವಳದು. ದೂರದ ರಸ್ತೆಯಿಂದ ನಮ್ಮ ಬೆಟ್ಟ ಮಲಗಿದ ಬುದ್ಧನಂತೆ ಕಾಣುತ್ತದೆ. ಹೊರಗಿನವರು ಗಾಡಿ ನಿಲ್ಲಿಸಿ ಫೋಟೊ ತೆಗೆದುಕೊಳ್ಳುತ್ತಾರೆ. ಹತ್ತುವವರಿಗೆ ಬುದ್ಧನೂ ಇಲ್ಲ, ಮೂಗೂ ಇಲ್ಲ, ಬರೀ ಕಡಿದಾದ ಬಂಡೆ, ಜಾಲಿಮುಳ್ಳು, ನಡುವೆ ಜಾರುವ ಮರಳು. ಮೊದಲು ದನಕಾಯುವವರು, ಕಟ್ಟಿಗೆಗೆ ಹೋಗುವ ಹೆಂಗಸರು ಮಾತ್ರ ಓಡಾಡುತ್ತಿದ್ದ ದಾರಿ ಅದು. ಬರಬರುತ್ತ ಸುರಪುರ, ಯಾದಗಿರಿ, ಕಲಬುರಗಿಯಿಂದೆಲ್ಲ ಜನ ಬರಲು ಶುರುವಾಯಿತು. ರವಿವಾರ ಬಂದರೆ ಬುಡದಲ್ಲಿ ಸಂತೆಯಂತೆ ಗದ್ದಲ.

ಅಕ್ಕ ಬೆಟ್ಟದಲ್ಲಿ ಒಂದು ಥರ ಶಿಸ್ತಿನವಳು. ಮಳೆ ಬಿದ್ದ ಮರುದಿನ ಹತ್ತುತ್ತಿರಲಿಲ್ಲ. ಬಿಸಿಲಿಗೆ ಬಂಡೆ ಕಾಯುವ ಮೊದಲೇ ಇಳಿದುಬಿಡಬೇಕು. ಯಾರೂ ಕಲ್ಲು ಉರುಳಿಸಕೂಡದು. ಕೆಳಗೆ ಯಾರ ತಲೆ ಇದೆಯೋ ಯಾರಿಗೆ ಗೊತ್ತು. ಇಕ್ಕಟ್ಟಿನ ತಿರುವು ಬಂದರೆ ಮೊದಲೇ ಕೂಗುತ್ತಿದ್ದಳು: "ಇಳಿಯಾಕತ್ತೇವ್ರಿ, ಹುಷಾರ್!" ನನಗೆ ನಾಚಿಕೆಯಾಗುತ್ತಿತ್ತು. "ಬಸ್‌ಸ್ಟ್ಯಾಂಡಿನಾಗ ಕಂಡಕ್ಟರ್ ಕೂಗಿದಂಗ ಕೂಗ್ತಿ" ಎಂದರೆ, "ಹಂಗರ ಕೇಳಸ್ತದ ಬಿಡು" ಅನ್ನುತ್ತಿದ್ದಳು.

ದಾರಿಯ ಮೇಲಿನ ಭಾಗದಲ್ಲಿ ಒಂದು ಇಕ್ಕಟ್ಟಾದ ಏಣು ಇದೆ. ನಾವೆಲ್ಲ ಅದನ್ನು ಕುದುರೆಬೆನ್ನು ಅನ್ನುತ್ತಿದ್ದೆವು. ಒಂದು ಕಡೆ ಎದೆಯೆತ್ತರದ ಬಂಡೆ, ಅದನ್ನು ಹಿಡಿದುಕೊಂಡು ಹೋಗಬಹುದು. ಇನ್ನೊಂದು ಕಡೆ ಏನೂ ಇಲ್ಲ, ಇಳಿಜಾರು, ಕೆಳಗೆ ಗುಂಡುಕಲ್ಲುಗಳು. ಎದುರಿನಿಂದ ಯಾರಾದರೂ ಬಂದರೆ ಬಂಡೆಗೆ ಬೆನ್ನು ಹಚ್ಚಿ ನಿಂತು ಅವರನ್ನು ಬಿಡಬೇಕು. ಇದನ್ನು ಅಕ್ಕ ನನಗೆ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ.

ಅದು ಶ್ರಾವಣದ ಒಂದು ರಜೆಯ ದಿನ. ನಾವು ಬೆಳಕು ಹರಿಯುತ್ತಲೇ ಹತ್ತಿ, ಮೇಲೆ ಕುಳಿತು ಅವಲಕ್ಕಿ ತಿಂದು ಇಳಿಯತೊಡಗಿದ್ದೆವು. ಕುದುರೆಬೆನ್ನಿನ ನಡುವೆ ಬರುವಷ್ಟರಲ್ಲಿ ಕೆಳಗಿನಿಂದ ಜನ ಸಾಲುಗಟ್ಟಿ ಹತ್ತಿ ಬಂದರು. ಅಕ್ಕ ಕೂಗಿದಳು. ಕೆಲವರಿಗೆ ಕೇಳಿಸಿತು, ಕೆಲವರಿಗೆ ಇಲ್ಲ. ಮುಂದೆ ಬರುತ್ತಿದ್ದವಳು ಎಳೆವಯಸ್ಸಿನ ಒಬ್ಬ ಹೆಂಗಸು, ಸೊಂಟದ ಮೇಲೆ ಕೂಸು. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಚಪ್ಪಲಿ. ಅರ್ಧಕ್ಕೆ ಬಂದು ಕೆಳಗೆ ನೋಡಿದ್ದೇ ಅಲ್ಲೇ ನಿಂತುಬಿಟ್ಟಳು. ಹಿಂದೆ ಹೋಗುವಂತಿಲ್ಲ, ಹಿಂದೆ ಜನ.

"ಅಂಜಬ್ಯಾಡ ತಂಗಿ. ಬಂಡಿ ಕಡಿ ಬಾ, ಬಂಡಿ ಹಿಡಿ. ನಾ ಈ ಕಡಿ ಸರೀತೀನಿ" ಎಂದಳು ಅಕ್ಕ.

ಹಾಗೆ ಹೇಳಿ ತಾನು ಬಂಡೆ ಬಿಟ್ಟು ಹೊರಗಿನ ಅಂಚಿಗೆ ಸರಿದು ನಿಂತಳು. ಹೆಂಗಸು ಬಂಡೆಗೆ ಆತುಕೊಂಡು ದಾಟಿದಳು. ನನ್ನನ್ನೂ ದಾಟಿ ಹೋದಳು. ಅವಳ ಹಿಂದೆ ಒಂದು ಗುಂಪು, ಇಪ್ಪತ್ತರ ಆಸುಪಾಸಿನ ಹುಡುಗರು, ನಗುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಬಂದಿತು. ಅಕ್ಕ ಮತ್ತೆ ಒಳಗೆ ಬರಲು ಜಾಗ ಸಿಗಲಿಲ್ಲ. "ಒಂದ್ ನಿಮಿಷ ನಿಂದರ್ರಿ" ಅಂದಳು. ಗುಂಪಿನಲ್ಲಿ ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡಿದ್ದ ಒಬ್ಬ, ಹಿಂದೆ ಉಳಿದ ಗೆಳೆಯನನ್ನು ಕರೆಯಲು ಗಕ್ಕನೆ ತಿರುಗಿದ. ಚೀಲ ಅಕ್ಕನ ಭುಜಕ್ಕೆ ಬಡಿಯಿತು. ಅಷ್ಟೇ. ಅವಳು ಕೂಗಲಿಲ್ಲ. ನನ್ನ ಕಡೆ ಕೈ ಚಾಚಿದಳು, ನಾನೂ ಚಾಚಿದೆ. ಸೆರಗಿನ ತುದಿ ಬೆರಳಿಗೆ ತಾಗಿ ಜಾರಿಹೋಯಿತು.

ಬಹಳ ಆಳಕ್ಕೇನೂ ಬೀಳಲಿಲ್ಲ. ಎರಡಾಳಿನ ಎತ್ತರವಿರಬಹುದು. ಆದರೆ ಬಿದ್ದಿದ್ದು ಕಲ್ಲಿನ ಮೇಲೆ.

ನಾನು ಹೇಗೆ ಇಳಿದೆನೋ ನೆನಪಿಲ್ಲ. ಅಕ್ಕ ಒಂದು ಮಗ್ಗುಲಾಗಿ ಬಿದ್ದಿದ್ದಳು, ಕಣ್ಣು ತೆರೆದಿದ್ದವು. "ಎತ್ತಬ್ಯಾಡ್ರಿ, ಸೊಂಟ ಹೋಗ್ಯದ" ಎಂದಳು, ಬೇರೆ ಯಾರದೋ ಸೊಂಟದ ಬಗ್ಗೆ ಹೇಳಿದ ಹಾಗೆ. ಆಗ ಕಿಸೆಕಿಸೆಯಲ್ಲಿ ಫೋನ್ ಇದ್ದ ಕಾಲವಲ್ಲ. ಸುದ್ದಿ ಕೆಳಗೆ ಮುಟ್ಟಬೇಕೆಂದರೆ ಒಬ್ಬರು ಇಳಿದೇ ಹೋಗಬೇಕು. ಮೇಲೆ ನಿಂತವರು ಬಗ್ಗಿ ಬಗ್ಗಿ ನೋಡುತ್ತಿದ್ದರು, ಅವರ ಕಾಲಡಿಯಿಂದ ಸಣ್ಣ ಕಲ್ಲು ನಮ್ಮ ಮೇಲೆ ಉದುರುತ್ತಿತ್ತು.

ಗೋಗಿ ಕಡೆಯ, ಮನೆ ಕಟ್ಟುವ ಕೆಲಸದ ಒಬ್ಬ ಗೌಂಡಿ, ಮನೆಮಂದಿಯೊಂದಿಗೆ ಬೆಟ್ಟ ನೋಡಲು ಬಂದಿದ್ದವನು, ತನ್ನ ತಮ್ಮಂದಿರನ್ನು ಕರೆದುಕೊಂಡು ಇಳಿದುಬಂದ. ಅವನ ಹೆಂಡತಿ ತನ್ನ ಹೊದಿಕೆಯನ್ನೇ ತೆಗೆದು ಕೊಟ್ಟಳು. ಅದಕ್ಕೆ ಎರಡು ಬಡಿಗೆ ಕಟ್ಟಿ ಜೋಳಿಗೆ ಮಾಡಿದರು. "ಆಪಾ, ಹಿಲೋ ನಕ್ಕೊ" ಎಂದ ಆ ಮನುಷ್ಯ ಅಕ್ಕನಿಗೆ. ಆಮೇಲೆ ಅವಳಿಗೆ ತಿಳಿಯಲಿಲ್ಲವೇನೋ ಎಂದು ಕನ್ನಡದಲ್ಲೇ ಹೇಳಿದ: "ಅಕ್ಕಾರ, ಅಳ್ಳಾಡಬ್ಯಾಡ್ರಿ. ನಾವು ಒಯ್ತೀವಿ." ಚೀಲದ ಹುಡುಗ ಅಲ್ಲೇ ನಿಂತಿದ್ದ. ಅವನ ಗೆಳೆಯರು ಕಾಣಲಿಲ್ಲ. ಅವನೂ ಒಂದು ಬಡಿಗೆಗೆ ಭುಜ ಕೊಟ್ಟ.

ಇಳಿಯುವ ದಾರಿಯನ್ನು ನೆನೆದರೆ ಈಗಲೂ ಮೈಯೆಲ್ಲ ಬಿಸಿಯಾಗುತ್ತದೆ. ಬೆಟ್ಟದ ತುಂಬ ಜನ ಹತ್ತುತ್ತಲೇ ಇದ್ದರು. ನಾನು ಮುಂದೆ ಓಡಿ, "ದಾರಿ ಬಿಡ್ರಿ, ದಾರಿ ಬಿಡ್ರಿ" ಎಂದು ಅರಚುತ್ತಿದ್ದೆ. ಬಿಡುತ್ತಿರಲಿಲ್ಲ. ನಿಂತು ಕೇಳುತ್ತಿದ್ದರು.

"ಏನಾತ್ರಿ? ಯಾರ್ರೀಕಿ? ಜೀವ ಅದ ಏನ್ರಿ?"

ಒಬ್ಬರಿಗೆ ಉತ್ತರ ಕೊಟ್ಟರೆ ಹಿಂದಿನವರು ಮತ್ತೆ ಅದನ್ನೇ ಕೇಳುವರು. ಬೆಟ್ಟದ ದೇವರಿಗೆ ಪೂಜೆಯ ಬುಟ್ಟಿ ಹೊತ್ತ ಒಬ್ಬಾಕೆ, "ನಾವು ಮಡಿಯೊಳಗ ಅದೀವಿ, ನೀವೇ ಆಕಡಿಂದ ಹೋಗ್ರಿ" ಅಂದಳು. ಗೌಂಡಿಯ ತಮ್ಮಂದಿರು ಮುಳ್ಳಿನಲ್ಲಿ ಇಳಿದು ಅವರನ್ನು ಸುತ್ತಿ ಹೋದರು. ಪ್ರತಿ ಸಲ ನಿಂತಾಗಲೂ ಜೋಳಿಗೆ ಜಗ್ಗುತ್ತಿತ್ತು, ಅಕ್ಕ ಹಲ್ಲು ಕಚ್ಚುತ್ತಿದ್ದಳು. ಬುಡದ ಚಹಾ ಅಂಗಡಿಯ ಹತ್ತಿರ ಬರುವಷ್ಟರಲ್ಲಿ ಅವಳ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಊರ ದವಾಖಾನೆಯಲ್ಲಿ ಅವಳ ಜೊತೆ ಕೆಲಸ ಮಾಡುವವರೇ ಇದ್ದರು. ನೋಡಿ, ಸೂಜಿ ಚುಚ್ಚಿ, ಕಲಬುರಗಿಗೆ ಒಯ್ಯಿರಿ ಎಂದರು. ಜೀಪಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಭೀಮಾ ನದಿಯ ಸೇತುವೆ ಬರುವ ಮೊದಲು ಒಮ್ಮೆ ಕೇಳಿದಳು, "ಆ ಕೂಸಿನ ತಾಯಿ ದಾಟಿದ್ಳಾ?"

"ದಾಟಿದ್ಳು."

"ಒಬ್ಬಾಕಿನೇ ಇಳಿತಾಳೋ ಏನೋ."

ಸೇತುವೆ ದಾಟಿದ ಮೇಲೆ ನಾನು ಕರೆದರೆ ಓಗೊಡಲಿಲ್ಲ. ಕಲಬುರಗಿಯಲ್ಲಿ ಡಾಕ್ಟರು ನೋಡಿ ಹೊರಗೆ ಬಂದರು. ಒಳಗೇ ರಕ್ತ ಸೋರಿದೆ, ಸ್ವಲ್ಪ ಮೊದಲು ತಂದಿದ್ದರೆ, ಎಂದು ಶುರು ಮಾಡಿ, ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಮಣ್ಣು ಮಾಡಿ ಬಂದ ಮೇಲೆ, ಭತ್ತ ಬೆಳೆಯಲು ಬಂದು ನೆಲೆಸಿದವರ ಕ್ಯಾಂಪುಗಳಿಂದ, ಕಾಲುವೆ ಬದಿಯ ಹಳ್ಳಿಗಳಿಂದ ಜನ ಬಂದರು. ಅಕ್ಕನಿಂದ ಬೆರಳು ಚುಚ್ಚಿಸಿಕೊಂಡವರು. ಒಂದು ಮಧ್ಯಾಹ್ನ ಚೀಲದ ಹುಡುಗನೂ ಬಂದ. ಬಾಗಿಲ ಹೊರಗೇ ನಿಂತಿದ್ದ. ನಾನು ಒಳಗೆ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಒಂದು ತಂಬಿಗೆ ನೀರು ತಂದಿಟ್ಟೆ. ಅವನು ಕುಡಿಯಲಿಲ್ಲ.

"ಅಕ್ಕಾರು ನನ್ನ ಬಗ್ಗಿ ಏನರ ಅಂದ್ರೇನ್ರಿ?" ಎಂದು ಕೇಳಿದ.

ಬೈದಳು ಎಂದರೂ ಅವನಿಗೆ ಸಮಾಧಾನವಾಗುತ್ತಿತ್ತು, ಕ್ಷಮಿಸಿದಳು ಎಂದರೂ ಆಗುತ್ತಿತ್ತು. ಎರಡೂ ನನ್ನ ಹತ್ತಿರ ಇರಲಿಲ್ಲ.

"ಅಕಿ ನಿನ್ನ ಮಾರಿನೇ ನೋಡಿಲ್ಲಪ" ಎಂದೆ.

ಅವನು ತಲೆ ಅಲ್ಲಾಡಿಸಿದ. "ನಾನೂ ನೋಡಿರಲಿಲ್ರಿ. ಹಿಂದ ಯಾರದಾರ ಅಂತ ನೋಡೇ ಇಲ್ಲ." ಗೋಡೆಗೆ ಹಣೆ ಹಚ್ಚಿ ಅತ್ತ. ನನಗೆ ಅವನ ಮೇಲೆ ಕರುಣೆ ಬರಲಿಲ್ಲ. ಬರಬೇಕಿತ್ತು ಎಂದು ಆಮೇಲೆ ಹಲವರು ಹೇಳಿದರು. ಆ ಹೊತ್ತಿಗೆ ನನಗೆ ಇದ್ದ ಆಸೆ ಒಂದೇ, ಅವನು ಬೇಗ ಹೊರಟುಹೋಗಲಿ.

ಕೂಸಿನ ತಾಯಿ ಬರಲಿಲ್ಲ. ಅವಳಿಗೆ ತನ್ನ ಬೆನ್ನ ಹಿಂದೆ ಏನಾಯಿತೆಂದು ಗೊತ್ತಾಯಿತೋ ಇಲ್ಲವೋ. ಆ ಕೂಸು ಈಗ ಬೆಳೆದಿರಬೇಕು.

ಎಷ್ಟೋ ಕಾಲ ನಾನು ಬೆಟ್ಟದ ಕಡೆ ಮುಖ ಹಾಕಲಿಲ್ಲ. ಶಾಲೆಗೆ ಸುತ್ತಿನ ದಾರಿ ಹಿಡಿದು ಹೋಗುತ್ತಿದ್ದೆ. ಕೊನೆಗೊಮ್ಮೆ, ಬೇಸಿಗೆ ಇನ್ನೂ ಏರದ ಒಂದು ವಾರದ ದಿನ, ಹೋದೆ. ಯಾಕೆ ಎಂದರೆ ಹೇಳಲಾರೆ. ಕುದುರೆಬೆನ್ನಿಗೆ ಯಾರೋ ಕಬ್ಬಿಣದ ಸರಳು ನೆಟ್ಟಿದ್ದರು, ಎರಡು ಆಗಲೇ ಕಿತ್ತುಹೋಗಿದ್ದವು. ಒಂದಿಷ್ಟು ಜನ ನುಗ್ಗಾಡುತ್ತ ಬಂದಾಗ, "ಒಬ್ಬೊಬ್ಬರ ಬರ್ರಿ" ಎಂದೆ. "ನೀವ್ಯಾರ್ರಿ ಹೇಳಾಕ?" ಎಂದ ಒಬ್ಬ. ಬಂಡೆಗೆ ಬೆನ್ನು ಹಚ್ಚಿ ನಿಂತು ಅವರನ್ನು ಬಿಟ್ಟೆ.

ಮೇಲೆ ಹೋಗಿ ಕೂತೆ. ಕೆಳಗೆ ಕಾಲುವೆ, ಅದರಾಚೆ ಕಣ್ಣು ಮುಟ್ಟುವವರೆಗೆ ನೀರು ನಿಂತ ಗದ್ದೆಗಳು, ಸಮುದ್ರದಂತೆ. ಚಂದವೆನಿಸಲಿಲ್ಲ.

ಇಳಿಯುವಾಗ ಗುರಮಿಠಕಲ್ ಕಡೆಯ ಒಂದು ಕುಟುಂಬ ಸಿಕ್ಕಿತು. ಅವರ ಮುದುಕಿ ನಡುದಾರಿಯಲ್ಲಿ ಕೂತುಬಿಟ್ಟಿದ್ದಳು, ಏಳಲೊಲ್ಲಳು. ಮಕ್ಕಳು ಬಯ್ಯುತ್ತಿದ್ದರು. ನಾನು ಅವಳ ಕೈ ಹಿಡಿದೆ. ಕೂತಲ್ಲೇ ಜರುಗಿಸಿಕೊಂಡು, ಒಂದೊಂದೇ ಬಂಡೆ ಇಳಿಸಿದೆ. ಬಿಸಿಲು ಏರಿತು. ಅವಳ ಅಂಗೈ ಬೆವತು ಜಾರುತ್ತಿತ್ತು, ನಾನು ಮಣಿಕಟ್ಟು ಹಿಡಿದುಕೊಂಡೆ.

"ನಿನ್ ಜೋಡಿ ಯಾರೂ ಬಂದಿಲ್ಲೇನವ್ವಾ?" ಎಂದು ಕೇಳಿದಳು.

"ಇಲ್ರಿ. ಒಬ್ಬಾಕಿನೇ ಬಂದೀನಿ" ಎಂದೆ.